ಮಗುವನ್ನು ನೋಡದೆಯೇ ಥೆರಪಿಸ್ಟ್ ಏನು ಮಾಡಬಲ್ಲರು?

ಪ್ರಶ್ನೆ: ಏಳು ವರ್ಷದ ಮಗನ ಸಿಟ್ಟು, ಹಟದಿಂದಾಗಿ ಮನೆಯಲ್ಲಿ ದಿನವೂ ಜಗಳ. ಅನುಭವಿ ಥೆರಪಿಸ್ಟ್ ಒಬ್ಬರನ್ನು ಆನ್‌ಲೈನ್‌ನಲ್ಲಿ ಕಾಣಬೇಕೆಂದು ವಿಚಾರಿಸಿದರೆ, ಸದ್ಯಕ್ಕೆ ಮಗ ಬೇಕಾಗಿಲ್ಲ, ನಾನೊಬ್ಬಳೇ ವಿಡಿಯೊ ಕರೆಗೆ ಬಂದರೆ ಸಾಕು ಎಂದರು. ಮಗುವನ್ನು ನೋಡದೆ, ಅದೂ ಪರದೆಯ ಮೂಲಕ, ಅವರು ಏನನ್ನು ತಾನೇ ಸರಿಪಡಿಸಬಲ್ಲರು?

ಉತ್ತರ: ನಿಮ್ಮ ಅನುಮಾನ ಸಹಜವಾದದ್ದು. ಮಗುವಿಗೆ ಜ್ವರ ಬಂದಾಗ ತಾಯಿಯ ನಾಡಿ ಹಿಡಿದು ನೋಡುವ ವೈದ್ಯರನ್ನು ಯಾರೂ ನಂಬುವುದಿಲ್ಲ. ಆದರೆ ನೀವು ಹೇಳುತ್ತಿರುವ ತೊಂದರೆಯ ದೊಡ್ಡ ಪಾಲು ನಿಮ್ಮಿಬ್ಬರ ನಡುವೆ ದಿನಕ್ಕೆ ಹತ್ತಾರು ಸಲ ನಡೆಯುವ ಮಾತು, ಮರುಮಾತುಗಳಲ್ಲಿದೆ. ಅದರಲ್ಲಿ ನಿಮ್ಮ ಪಾಲು ಬದಲಾದರೆ ಅವನ ಪಾಲು ಮೊದಲಿನಂತೆಯೇ ಉಳಿಯುವುದು ಕಷ್ಟ. ಚಿಕ್ಕ ಮಕ್ಕಳ ಹಟ, ಮಾತು ಕೇಳದಿರುವುದು, ರಂಪ ಇವುಗಳಿಗೆಂದು ರೂಪಿಸಿರುವ ಚಿಕಿತ್ಸೆಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ತಂದೆತಾಯಿಗೆ ತರಬೇತಿ ಕೊಡುವ ಕ್ರಮವೇ ಆಗಿರುವುದರಿಂದ, ನೀವೊಬ್ಬರೇ ಬನ್ನಿ ಎಂದವರು ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆಂದು ಭಾವಿಸಬೇಕಾಗಿಲ್ಲ.

ಇದರ ಹಿಂದಿನ ತಿಳಿವಳಿಕೆಗೆ ಅಮೆರಿಕದ ಒರೆಗಾನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಅವರ ಕೆಲಸ ಮುಖ್ಯ ಆಧಾರ. ಅವರ ತಂಡದವರು ಮನೆಗಳಿಗೇ ಹೋಗಿ ಕುಳಿತು, ಯಾರು ಏನಂದರು, ಮರುಕ್ಷಣ ಎದುರಿನವರು ಏನು ಮಾಡಿದರು ಎಂಬುದನ್ನು ಒಂದೊಂದಾಗಿ ಗುರುತು ಹಾಕಿಕೊಂಡರು. ಅವರು ಕಂಡುಕೊಂಡು 1982ರ ಪುಸ್ತಕದಲ್ಲಿ ವಿವರಿಸಿದ ಸುಳಿ ಯಾವ ಮನೆಯಲ್ಲಿಯೂ ಕಾಣಸಿಗುವಂಥದ್ದು. ಮಲಗುವ ಹೊತ್ತು ಎಂದುಕೊಳ್ಳಿ. ಟ್ಯಾಬ್ ಕೆಳಗಿಡು ಎಂದು ನೀವು ಅಡುಗೆಮನೆಯಿಂದಲೇ ಕೂಗುತ್ತೀರಿ. ಅವನು ಕೇಳಿಸದವನಂತೆ ಇರುತ್ತಾನೆ. ಮೂರನೆಯ ಸಲಕ್ಕೆ ನಿಮ್ಮ ದನಿ ಏರುತ್ತದೆ, ಅವನು ಕಿರುಚಿ ದಿಂಬು ಒದೆಯುತ್ತಾನೆ, ದಣಿದಿರುವ ನೀವು ‘ಆಯ್ತು, ಇನ್ನೈದೇ ನಿಮಿಷ’ ಎಂದು ಹಿಂದಿರುಗುತ್ತೀರಿ. ಕಿರುಚಿದರೆ ಕೆಲಸವಾಗುತ್ತದೆ ಎಂದು ಅವನೂ, ಬಿಟ್ಟುಕೊಟ್ಟರೆ ಮನೆ ತಣ್ಣಗಾಗುತ್ತದೆ ಎಂದು ನೀವೂ ಆ ಗಳಿಗೆಯಲ್ಲಿ ಕಲಿತುಬಿಡುತ್ತೀರಿ. ಮರುದಿನ ನೀವು ಗದರಿ ಗೆದ್ದರೆ, ಗದರಿದರಷ್ಟೇ ಇವನು ಕೇಳುತ್ತಾನೆ ಎಂಬ ಇನ್ನೊಂದು ಪಾಠವೂ ಅದರೊಡನೆ ಸೇರಿಕೊಳ್ಳುತ್ತದೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಇಬ್ಬರಿಗೂ ಆ ಕ್ಷಣದ ನೆಮ್ಮದಿ ಬೇಕಾಗಿತ್ತು, ಅಷ್ಟೆ.

ಆದುದರಿಂದ ಕೆಲಸ ಬಲ್ಲ ಥೆರಪಿಸ್ಟ್ ‘ಮಗ ಮಹಾ ಹಟಮಾರಿ’ ಎಂಬ ನಿಮ್ಮ ಮಾತನ್ನು ಅಷ್ಟಕ್ಕೇ ಬಿಡುವುದಿಲ್ಲ. ನಿನ್ನೆ ರಾತ್ರಿ ನಡೆದದ್ದನ್ನೇ ಹೇಳಿ ಎನ್ನುತ್ತಾರೆ. ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ಸಲ ಹೇಳಿದಿರಿ, ಅಪ್ಪ ಆಗ ಏನು ಮಾಡುತ್ತಿದ್ದರು, ಕೊನೆಗೆ ಅದು ಮುಗಿದದ್ದು ಹೇಗೆ ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ. ಆಮೇಲೆ ಅವರು ಸೂಚಿಸುವ ಬದಲಾವಣೆ ಮೊದಮೊದಲು ತೀರ ಚಿಕ್ಕದೆನ್ನಿಸಬಹುದು: ಹತ್ತಿರ ಹೋಗಿ, ಅವನ ಮುಖ ನೋಡಿ, ಒಂದೇ ಸಲ ಹೇಳುವುದು, ಟ್ಯಾಬ್ ಇಟ್ಟ ಕೂಡಲೇ ಆ ಕೆಲಸವನ್ನೇ ಹೆಸರಿಸಿ ಮೆಚ್ಚುವುದು, ಇಡದಿದ್ದರೆ ಏನಾಗುತ್ತದೆಂದು ಮೊದಲೇ ತಿಳಿಸಿದ್ದನ್ನು ದನಿ ಏರಿಸದೆ ಮಾಡಿ ತೋರಿಸುವುದು. ಹೀಗೆ ಮಾಡತೊಡಗಿದ ಮೊದಲ ಕೆಲವು ದಿನ ರಂಪ ಕಡಿಮೆಯಾಗುವ ಬದಲು ಹೆಚ್ಚುವ ಸಾಧ್ಯತೆ ಇದೆ, ಏಕೆಂದರೆ ಇದುವರೆಗೆ ಫಲ ಕೊಟ್ಟ ಉಪಾಯವನ್ನು ಮಗು ಇನ್ನಷ್ಟು ಜೋರಾಗಿ ಪ್ರಯತ್ನಿಸಿ ನೋಡುತ್ತದೆ. ಬಹಳ ಮಂದಿ ಕೈಬಿಡುವುದು ಇಲ್ಲಿಯೇ. ಈ ಏರಿಕೆಯನ್ನು ಮುಂಚಿತವಾಗಿ ಹೇಳಿ ನಿಮ್ಮನ್ನು ಅದಕ್ಕೆ ಸಿದ್ಧಪಡಿಸುವವರು ಸಿಕ್ಕಿದರೆ ಅರ್ಧ ದಾರಿ ಸಾಗಿದಂತೆಯೇ ಎಂದು ನನಗನ್ನಿಸುತ್ತದೆ.

ಇನ್ನು ಪರದೆಯ ಮಾತು. ಎರಡರಿಂದ ಏಳು ವರ್ಷದ ಮಕ್ಕಳಿಗಾಗಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಷೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯೊಂದರಲ್ಲಿ ತಾಯಿಯೋ ತಂದೆಯೋ ಮಗುವಿನೊಡನೆ ಆಡುತ್ತಿರುತ್ತಾರೆ; ಥೆರಪಿಸ್ಟ್ ಒಂದು ಕಡೆಯಿಂದಷ್ಟೇ ಕಾಣುವ ಕನ್ನಡಿಯ ಆಚೆ ಕೋಣೆಯಲ್ಲಿ ಕುಳಿತು ಅವರನ್ನು ನೋಡುತ್ತ, ಆ ತಾಯಿ ಅಥವಾ ತಂದೆಯ ಕಿವಿಯಲ್ಲಿಟ್ಟ ಪುಟ್ಟ ಉಪಕರಣದ ಮೂಲಕ ಆಗಿಂದಾಗ್ಗೆ ಸಲಹೆ ಕೊಡುತ್ತಾರೆ. ಇದನ್ನೇ ವೆಬ್‌ಕ್ಯಾಮ್ ಮತ್ತು ಇಯರ್‌ಫೋನ್ ಬಳಸಿ ಮನೆಗೆ ಒಯ್ದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮೂರರಿಂದ ಐದು ವರ್ಷದ 40 ಮಕ್ಕಳ ಆ ಅಧ್ಯಯನ ಚಿಕ್ಕದೇ ಆದರೂ, ಮನೆಯಲ್ಲಿದ್ದೇ ಚಿಕಿತ್ಸೆ ಪಡೆದವರು ಚಿಕಿತ್ಸಾಲಯಕ್ಕೆ ಹೋದವರಿಗಿಂತ ಹಿಂದೆ ಬೀಳಲಿಲ್ಲ. ಜಗಳ ನಡೆಯುವುದು ಮನೆಯಲ್ಲಿ ಎಂದ ಮೇಲೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಮನೆಯ ಈ ಅನುಕೂಲಕ್ಕೆ ಇನ್ನೊಂದು ಮಗ್ಗುಲೂ ಇದೆ: ಬಾಗಿಲ ಆಚೆ ಮಗ ಕಿವಿಗೊಟ್ಟು ನಿಂತಿರುವಾಗ ನೀವು ಅವನ ಬಗ್ಗೆ ಬಿಚ್ಚಿ ಮಾತನಾಡಲಾರಿರಿ. ಅವನು ಶಾಲೆಯಲ್ಲಿರುವ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ.

‘ಅನುಭವಿ’ ಎಂಬ ಪದಕ್ಕೆ ನೀವು ಕೊಟ್ಟಿರುವ ತೂಕವನ್ನು ಮಾತ್ರ ಸ್ವಲ್ಪ ಇಳಿಸಬೇಕೆಂದು ನನ್ನ ಸಲಹೆ. 170 ಥೆರಪಿಸ್ಟರು ಮತ್ತು ಅವರು ಕಂಡ 6,591 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಳು ಕಳೆದಂತೆ ಥೆರಪಿಸ್ಟರ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸುವ ಬದಲು ಕೂದಲೆಳೆಯಷ್ಟು ಇಳಿದಿತ್ತು, ಸುಧಾರಿಸಿದವರೂ ಅವರಲ್ಲಿದ್ದರು. ಆದುದರಿಂದ ಎಷ್ಟು ವರ್ಷದ ಅನುಭವ ಎಂದು ಕೇಳಿ ಸುಮ್ಮನಾಗಬೇಡಿ. ನಿಮ್ಮ ಮಗನ ವಯಸ್ಸಿನ ಮಕ್ಕಳ ತಂದೆತಾಯಿಯರೊಡನೆ ಎಷ್ಟು ಕೆಲಸ ಮಾಡಿದ್ದಾರೆ, ಓದಿದ್ದೇನು, ನೀವಿರುವ ಕಡೆ ವೃತ್ತಿ ನಡೆಸಲು ಅವರಿಗೆ ಪರವಾನಗಿ ಬೇಕಾಗಿದ್ದರೆ ಅದು ಇದೆಯೇ ಎಂದು ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ‘ಇದರಿಂದ ಪ್ರಯೋಜನವಾಗುತ್ತಿಲ್ಲ ಎಂಬುದು ನಿಮಗೆ ಹೇಗೆ ತಿಳಿಯುತ್ತದೆ?’ ಎಂದು ಅವರನ್ನು ಕೇಳಿ. ಇದಕ್ಕೆ ನೇರವಾದ ಉತ್ತರ ಕೊಡುವವರು ಮೂರೇ ವರ್ಷ ಹಳಬರಾದರೂ ನಾನು ಅವರನ್ನೇ ಆರಿಸಿಕೊಂಡೇನು.

ಮಾತು ಮಗನಿಂದ ನಿಮ್ಮತ್ತ ಹೊರಳುವ ದಿನವೂ ಬರುತ್ತದೆ. ರಾತ್ರಿ ಎಷ್ಟು ಗಂಟೆ ನಿದ್ದೆ, ಕೆಲಸದಿಂದ ಬಂದ ಮೇಲಿನ ಆ ಒಂದು ಗಂಟೆ ಹೇಗಿರುತ್ತದೆ, ಚಿಕ್ಕಂದಿನಲ್ಲಿ ನಿಮ್ಮನ್ನು ಯಾರು ಹೇಗೆ ಗದರುತ್ತಿದ್ದರು ಎಂದು ಅವರು ಕೇಳಿದರೆ, ತಪ್ಪನ್ನು ನಿಮ್ಮ ಮೇಲೆ ಹೊರಿಸುತ್ತಿದ್ದಾರೆಂದು ತಿಳಿಯಬೇಡಿ. ಐದು ನಿಮಿಷ ಬಿಟ್ಟುಕೊಡುವಂತೆ ಮಾಡುವುದು ಆ ದಣಿವೇ ತಾನೇ. ಹಾಗೆಂದು ಪ್ರತಿ ವಾರವೂ ಮನಸ್ಸು ಹಗುರವಾಗಿ, ಮನೆಯಲ್ಲಿ ಮಾತ್ರ ಏನೊಂದೂ ಬದಲಾಗದೆ ಹೋದರೆ, ಅದನ್ನು ಅವರ ಎದುರಿಗೇ ಹೇಳಬೇಕು.

ಮಗುವನ್ನು ಎದುರಿಗೆ ಕೂರಿಸಿಕೊಂಡೇ ನೋಡಬೇಕಾದ ಸಂದರ್ಭಗಳೂ ಇವೆ. ಮಾತು, ಬೆಳವಣಿಗೆ, ಕಲಿಕೆಯಲ್ಲಿ ಹಿಂದುಳಿದಿದ್ದರೆ, ಕಲಿತದ್ದನ್ನು ಕಳೆದುಕೊಳ್ಳುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ತನಗೇ ನೋವು ಮಾಡಿಕೊಳ್ಳುತ್ತಿದ್ದರೆ ಥೆರಪಿಸ್ಟರೇ ನಿಮ್ಮನ್ನು ಮಕ್ಕಳ ತಜ್ಞರ ಬಳಿಗೆ ಕಳುಹಿಸಬೇಕು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಅದೇ ಮನೆಯಿಂದ ಮಾತನಾಡುವುದು ಅಪಾಯಕರ. ಯಾರದೇ ಜೀವಕ್ಕೆ ಅಪಾಯವೆನಿಸಿದಾಗ ಮುಂದಿನ ವಿಡಿಯೊ ಕರೆಗೆ ಕಾಯದೆ ತುರ್ತು ಸೇವೆಗೆ ಕರೆ ಮಾಡಬೇಕು. ಪ್ರತಿ ಭೇಟಿಯ ಆರಂಭದಲ್ಲಿ ನೀವೀಗ ಎಲ್ಲಿದ್ದೀರಿ ಎಂದು ವಿಳಾಸ ಕೇಳುವ ಥೆರಪಿಸ್ಟ್ ಇಂಥದೇ ಗಳಿಗೆಗಾಗಿ ಅದನ್ನು ಕೇಳುತ್ತಿರುತ್ತಾರೆ. ಗೋಪ್ಯತೆಗೆ ಇರುವ ಮಿತಿಗಳನ್ನು, ಅಂದರೆ ಯಾವ ಸಂದರ್ಭದಲ್ಲಿ ಅವರು ಬೇರೆಯವರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು, ಮೊದಲ ದಿನವೇ ವಿವರಿಸುವುದು ಅವರ ಹೊಣೆ. ಆ್ಯಪ್ ಮೂಲಕ ಹೋಗುವುದಾದರೆ ಮಾಹಿತಿ ಯಾರ ಕೈಸೇರುತ್ತದೆ ಎಂಬುದನ್ನೂ ಓದಿಕೊಳ್ಳಿ. ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದ ಮೇಲೆ ಆನ್‌ಲೈನ್ ಥೆರಪಿ ಕಂಪನಿಯೊಂದು 78 ಲಕ್ಷ ಡಾಲರ್ ತೆರುವಂತೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆದೇಶಿಸಿತ್ತು.

ಮೊದಲ ಭೇಟಿಗೆ ಮಗನ ಇಡೀ ಚರಿತ್ರೆಯನ್ನು ಸಿದ್ಧಪಡಿಸಿಕೊಳ್ಳುವುದು ಬೇಡ. ಈ ವಾರದ ಒಂದು ಜಗಳವನ್ನು ಆರಿಸಿ, ಅದು ಶುರುವಾಗುವ ಹತ್ತು ನಿಮಿಷ ಮುಂಚಿನಿಂದ ಎಲ್ಲರೂ ಸುಮ್ಮನಾದ ತನಕ, ನೀವು ಆಡಿದ ಮಾತನ್ನು ತಿದ್ದದೆ ಹಾಗೆಯೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.