ಕೆಂಪು ಕಣ್ಣು: ಲಕ್ಷಣ, ಕಾರಣ ಮತ್ತು ಪರೀಕ್ಷೆ

ಉಡುಪಿ, ಮಂಗಳೂರಿನ ಆಸ್ಪತ್ರೆಗಳ ನೇತ್ರ ವಿಭಾಗದಲ್ಲಿ ತರಬೇತಿಗೆ ನಿಲ್ಲುವ ನಮ್ಮಂಥ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಕೇಳಿಬರುವ ದೂರು 'ಕಣ್ಣು ಕೆಂಪಾಗಿದೆ' ಎಂಬುದು. ಕೆಂಪಾಗುವುದು ಲಕ್ಷಣವೇ ಹೊರತು ರೋಗವಲ್ಲ. ಅದರ ಹಿಂದೆ ತಾನಾಗಿ ಗುಣವಾಗುವ ಸೋಂಕೂ ಇರಬಹುದು, ಕೆಲವೇ ದಿನಗಳಲ್ಲಿ ದೃಷ್ಟಿಯನ್ನು ಕಸಿಯುವ ರೋಗವೂ ಇರಬಹುದು. ಆದ್ದರಿಂದ ನೋವು ಎಷ್ಟಿದೆ, ದೃಷ್ಟಿ ಮಂಜಾಗಿದೆಯೇ, ಕೆಂಪು ಎಲ್ಲಿ ದಟ್ಟವಾಗಿದೆ ಎಂಬುದನ್ನು ಮೊದಲು ಗಮನಿಸಬೇಕು. ಟಾರ್ಚ್ ಹಿಡಿಯುವ ಮೊದಲೇ ಪ್ರತಿ ಕಣ್ಣಿನ ದೃಷ್ಟಿಯನ್ನು ಬೇರೆಬೇರೆಯಾಗಿ ಅಳೆದು ಬರೆದಿಡುವುದನ್ನು ಎಂದಿಗೂ ಬಿಡಬಾರದು.

ಮದ್ರಾಸ್ ಐ ಎಂದು ಜನ ಕರೆಯುವ ಕಂಜಂಕ್ಟಿವೈಟಿಸ್‌ನಲ್ಲಿ ಕೆಂಪು ರೆಪ್ಪೆಯ ಒಳಮಡಿಕೆಯ ಕಡೆಗೆ ಹೆಚ್ಚಾಗಿದ್ದು, ಕರಿಗುಡ್ಡೆಯ ಸುತ್ತ ಕಡಿಮೆಯಿರುತ್ತದೆ. ವೈರಸ್, ಬಹುತೇಕ ಅಡಿನೋವೈರಸ್, ಇದಕ್ಕೆ ಕಾರಣವಾದಾಗ ನೀರು ಸುರಿಯುತ್ತದೆ, ಕಿವಿಯ ಮುಂದಿನ ಗ್ರಂಥಿ ಊದಿರಬಹುದು. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ದಪ್ಪ ಗೀಜು ಬಂದು ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಎರಡರಲ್ಲೂ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ನಮ್ಮ ಊರುಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದ ಹುಣ್ಣಿನ ವಿಷಯದಲ್ಲಿ. ಕೊಯ್ಲಿನಲ್ಲಿ ಭತ್ತದ ತೆನೆ ಬಡಿದ, ತೋಟದಲ್ಲಿ ಅಡಿಕೆ ಸೋಗೆಯೋ ತೆಂಗಿನ ಗರಿಯೋ ತಾಗಿದ ಚರಿತ್ರೆ ಇದ್ದರೆ ಶಿಲೀಂಧ್ರದ ಹುಣ್ಣನ್ನು ಮೊದಲೇ ಶಂಕಿಸಬೇಕು, ಏಕೆಂದರೆ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ಗೀರಿದ ಜಾಗದ ಮೂಲಕವೇ ಒಳಸೇರುತ್ತವೆ. ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ಬೂದುಬಿಳಿ ಬಣ್ಣದ, ಒಣಗಿದಂತೆ ಕಾಣುವ ಹುಣ್ಣು, ಗರಿಯಂತೆ ಹರಡಿದ ಅಂಚು, ಪಕ್ಕದಲ್ಲಿ ಸಣ್ಣ ಉಪಹುಣ್ಣುಗಳು ಕಾಣುತ್ತವೆ. ಕಾರ್ನಿಯಾದ ಹಿಂದಿನ ಮುಂಕೋಣೆಯ ತಳದಲ್ಲಿ ಕೀವು ನಿಂತಿರಲೂಬಹುದು. ನೋವು ಹುಣ್ಣಿನ ಗಾತ್ರಕ್ಕೆ ಹೋಲಿಸಿದರೆ ಕಡಿಮೆಯಿರುವುದರಿಂದ ಆರಂಭದಲ್ಲಿ ರೋಗಿಯೂ ಇದನ್ನು ಹಗುರವಾಗಿ ಕಾಣುತ್ತಾನೆ. ಫ್ಲೋರೆಸೀನ್ ಎಂಬ ಬಣ್ಣವನ್ನು ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಮೇಲ್ಪದರ ಕಿತ್ತ ಜಾಗ ಹಸಿರಾಗಿ ಹೊಳೆಯುತ್ತದೆ. ಹುಣ್ಣಿನಿಂದ ಕೆರೆದು ತೆಗೆದದ್ದನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಜೊತೆಗೆ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಕಳುಹಿಸಬೇಕು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಯನ್ನೋ ನಂದಿಬಟ್ಟಲು ಹೂವಿನ ರಸವನ್ನೋ ಹಾಕಿದ್ದಾರೆಯೇ ಎಂದು ಗದರದೆ ಕೇಳಿ ತಿಳಿಯುವುದು ಬಹಳ ಮುಖ್ಯ: ಸ್ಟೀರಾಯ್ಡ್ ಕೆಂಪನ್ನು ತಾತ್ಕಾಲಿಕವಾಗಿ ಇಳಿಸಿ ಶಿಲೀಂಧ್ರದ ಬೆಳವಣಿಗೆಗೆ ದಾರಿ ಮಾಡುತ್ತದೆ.

ಕರಿಗುಡ್ಡೆಯ ಸುತ್ತ ನೇರಳೆಗೆಂಪು ಕಂಡರೆ ಪಾಪೆಯನ್ನು, ಅಂದರೆ ಕರಿಗುಡ್ಡೆಯ ನಡುವಿನ ಕಂಡಿಯನ್ನು, ನೋಡಬೇಕು. ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಉರಿಯೂತದಲ್ಲಿ ಪಾಪೆ ಕಿರಿದಾಗಿದ್ದು, ಬೆಳಕನ್ನು ಸಹಿಸಲು ಕಷ್ಟವಾಗುತ್ತದೆ. ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿ ಮುಚ್ಚಿ ಒತ್ತಡ ಏರುವ ತೀವ್ರ ಕೋನಮುಚ್ಚಿದ ಗ್ಲಾಕೋಮಾದಲ್ಲಿ ಪಾಪೆ ಅರ್ಧ ಹಿಗ್ಗಿ ಬೆಳಕಿಗೆ ಸ್ಪಂದಿಸುವುದಿಲ್ಲ. ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಉಂಗುರಗಳು ಜೊತೆಯಲ್ಲಿರುತ್ತವೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುವ ಕಣ್ಣಿನ ಒತ್ತಡ ಇಲ್ಲಿ 40ನ್ನೂ ಮೀರಬಹುದಾದ್ದರಿಂದ, ಇದು ಕೂಡಲೇ ಚಿಕಿತ್ಸೆ ಬೇಕಾದ ಸ್ಥಿತಿ. ವಾಂತಿಯೊಂದನ್ನೇ ನೋಡಿ ಹೊಟ್ಟೆಯ ತೊಂದರೆಯೆಂದುಕೊಳ್ಳಬಾರದು.

ಮಲ್ಪೆಯ ಮೀನುಗಾರರಂತೆ ಬಿಸಿಲು, ಗಾಳಿಯಲ್ಲಿ ದುಡಿಯುವವರಲ್ಲಿ ಬರುವ ಟೆರಿಜಿಯಂ ಬೇರೆಯ ಬಗೆಯದು. ಸಾಮಾನ್ಯವಾಗಿ ಮೂಗಿನ ಕಡೆಯಿಂದ ತ್ರಿಕೋನಾಕಾರದ ಪೊರೆಯೊಂದು ಕಾರ್ನಿಯಾದ ಮೇಲೆ ನಿಧಾನವಾಗಿ ಬೆಳೆಯುತ್ತದೆ. ನೇರಳಾತೀತ ಕಿರಣ ಇದರ ಮುಖ್ಯ ಕಾರಣ. ಪಾಪೆಯನ್ನು ಮುಚ್ಚದಿದ್ದರೂ ಇದು ಕಾರ್ನಿಯಾದ ಬಾಗನ್ನು ಬದಲಿಸಿ ನೋಟ ಮಸುಕಾಗುವ ಅಸ್ಟಿಗ್ಮ್ಯಾಟಿಸಂ ಎಂಬ ದೋಷವನ್ನು ಉಂಟುಮಾಡಬಲ್ಲದು. ಹೀಗಾಗಿ ಪೊರೆ ಎಷ್ಟು ಒಳಬಂದಿದೆ ಎಂಬುದರ ಜೊತೆಗೆ ಕನ್ನಡಕದ ಪವರನ್ನೂ ಪರೀಕ್ಷಿಸಬೇಕು.