ಕಾಸ್‌ಪ್ಯಾಟ್ರಿಕ್: ತೇಗದ ಹಡಗು ಹೊತ್ತಿಕೊಂಡ ರಾತ್ರಿ

ಮರದ ಹಡಗೆಂದರೆ ಬರೀ ಮರವಲ್ಲ. ಹಳೆಯ ಹಗ್ಗ ಬಿಚ್ಚಿ ತೆಗೆದ ನಾರನ್ನು ಹಲಗೆಗಳ ಸಂದಿಗೆ ಉಳಿ-ಕೊಡತಿಯಿಂದ ಹೊಡೆದು ಗಿಡಿದು, ಮೇಲೆ ಕಾಯಿಸಿದ ಡಾಂಬರು ಸುರಿಯುತ್ತಿದ್ದರು. ನೀರು ಕುಡಿದ ಹಲಗೆ ಉಬ್ಬಿ ಸಂದಿ ಬಿಗಿಯುತ್ತಿತ್ತು. ಹೀಗೆ ಹಡಗನ್ನು ಕಾಯುವ ನಾರು, ಡಾಂಬರು, ಬಣ್ಣಗಳ ದಾಸ್ತಾನೇ ಕಾಸ್‌ಪ್ಯಾಟ್ರಿಕ್‌ಗೆ ಮುಳುವಾಯಿತು.

1856ರಲ್ಲಿ ಬರ್ಮಾದ ಮೌಲ್ಮೇನ್‌ನಲ್ಲಿ ಕಟ್ಟಿದ ತೇಗದ ಹಡಗು ಅದು. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆಯಂಶ ಮೊಳೆಯನ್ನೂ ಉಳಿಸುತ್ತದೆ, ಮರ ಕೊಳೆಯದಂತೆಯೂ ತಡೆಯುತ್ತದೆ. ನಮ್ಮ ಹಳೆಯ ಮನೆಗಳ ತೇಗದ ಬಾಗಿಲು ಇಂದಿಗೂ ಗಟ್ಟಿಯಾಗಿರುವುದು ಇದೇ ಗುಣದಿಂದ. ಇಂಗ್ಲೆಂಡ್-ಭಾರತದ ನಡುವೆ ಸೈನಿಕರನ್ನೂ ಸರಕನ್ನೂ ಹೊತ್ತು ತಿರುಗಿದ ಈ ಹಡಗು, ಪರ್ಷಿಯಾ ಕೊಲ್ಲಿಯ ತಳದಲ್ಲಿ ಭಾರತದ ಟೆಲಿಗ್ರಾಫ್ ಕೇಬಲ್ ಹಾಸಲೂ ದುಡಿಯಿತು.

1874ರ ಸೆಪ್ಟೆಂಬರ್ 11ರಂದು ಇಂಗ್ಲೆಂಡಿನ ಗ್ರೇವ್ಸೆಂಡ್‌ನಿಂದ ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಹೊರಟಾಗ ಅದರಲ್ಲಿ 470ಕ್ಕೂ ಹೆಚ್ಚು ಜನರಿದ್ದರು. ಹೆಚ್ಚಿನವರು ಹೆಂಡತಿ ಮಕ್ಕಳೊಂದಿಗೆ ಹೊಸ ಬದುಕು ಹುಡುಕಿ ಹೊರಟ ಬಡವರು. ನವೆಂಬರ್ 17ರ ನಡುರಾತ್ರಿ, ಆಫ್ರಿಕದ ದಕ್ಷಿಣಕ್ಕೆ, ಮುಂಭಾಗದ ದಾಸ್ತಾನು ಕೋಣೆಗೆ ಬೆಂಕಿ ಬಿತ್ತು.

ಆಗ ಎಲ್ಲವೂ ಗಾಳಿಯ ಕೈಯಲ್ಲಿತ್ತು. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಮುಂಭಾಗದ ಬೆಂಕಿಯ ಹೊಗೆ, ಕಿಡಿ ಎಲ್ಲ ಮುಂದಕ್ಕೆ, ಕಡಲಿನತ್ತ ಹಾರಿಹೋಗುತ್ತವೆ. ಹಡಗನ್ನು ಹಾಗೆ ತಿರುಗಿಸಲು ನೋಡಿದರು, ಆಗಲಿಲ್ಲ. ಮೂತಿ ಗಾಳಿಗೆ ಎದುರಾಯಿತು. ಒಲೆಗೆ ಊದುಕೊಳವೆ ಹಿಡಿದಂತೆ ಗಾಳಿ ಉರಿಯನ್ನು ಜನರಿದ್ದ ಕಡೆಗೇ ತಳ್ಳಿತು. ಒಂದೆರಡು ಗಂಟೆಯೊಳಗೆ ಹಡಗು ಕೈಮೀರಿತ್ತು.

ಓದುವಾಗಲೆಲ್ಲ ನನ್ನನ್ನು ಸಂಕಟಕ್ಕೆ ದೂಡುವುದು ದೋಣಿಗಳ ಲೆಕ್ಕ. ಇದ್ದ ದೋಣಿಗಳಲ್ಲಿ ಅರ್ಧದಷ್ಟು ಜನಕ್ಕೂ ಜಾಗವಿರಲಿಲ್ಲ. ಕಾನೂನು ತಲೆ ಎಣಿಸುತ್ತಿರಲಿಲ್ಲ, ಹಡಗಿನ ಗಾತ್ರ ನೋಡುತ್ತಿತ್ತು. ಆ ಗಲಿಬಿಲಿಯಲ್ಲಿ ಎರಡೇ ದೋಣಿಗಳು ಪಾರಾದವು. ಬಿರುಗಾಳಿಗೆ ಅವೂ ಬೇರೆಯಾದವು. ಒಂದರ ಸುಳಿವೇ ಸಿಗಲಿಲ್ಲ. ಇನ್ನೊಂದರಲ್ಲಿ ಕುಡಿಯಲು ತೊಟ್ಟು ನೀರಿರಲಿಲ್ಲ. ಸುತ್ತ ಕಡಲಿದ್ದರೂ ಅದು ದಾಹ ತೀರಿಸದು: ಸಮುದ್ರದ ನೀರಿನಷ್ಟು ಉಪ್ಪಾದ ಮೂತ್ರವನ್ನು ನಮ್ಮ ಮೂತ್ರಪಿಂಡ ತಯಾರಿಸಲಾರದು. ಕುಡಿದ ಉಪ್ಪನ್ನು ಹೊರಹಾಕಲು ಮೈಯ ನೀರೇ ಖರ್ಚಾಗುತ್ತದೆ, ದಾಹ ಇನ್ನೂ ಹೆಚ್ಚುತ್ತದೆ.

ಕಲ್ಕತ್ತೆಯಿಂದ ಸ್ಕಾಟ್ಲೆಂಡಿನ ಡಂಡಿಗೆ ಹೊರಟಿದ್ದ ‘ಬ್ರಿಟಿಷ್ ಸೆಪ್ಟರ್’ ಎಂಬ ಹಡಗು ನವೆಂಬರ್ 27ರಂದು ಆ ದೋಣಿಯನ್ನು ಕಂಡಾಗ ಐವರು ಉಸಿರಾಡುತ್ತಿದ್ದರು. ಅವರಲ್ಲಿ ಇಬ್ಬರು ಬೇಗನೆ ತೀರಿಕೊಂಡರು. ಬದುಕಿದ ಮೂವರೂ ಹಡಗಿನ ಸಿಬ್ಬಂದಿ. ವಲಸೆ ಹೊರಟಿದ್ದ ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ.