ತಂಬೂರಿ, ದಮ್ಮಡಿ ಒಂದೇ ಮೈಯಲ್ಲಿ

ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ತತ್ವಪದದ ಭಜನೆಯಲ್ಲಿ ಶ್ರುತಿಗೆ ತಂಬೂರಿ, ಲಯಕ್ಕೆ ದಮ್ಮಡಿ, ಅಂದರೆ ಮರದ ಬಳೆಗೆ ಚರ್ಮ ಬಿಗಿದು ಬಿಲ್ಲೆ ಕಟ್ಟಿದ ಕೈವಾದ್ಯ. ಒಬ್ಬರೇ ಕೂತು ಹಾಡುವಾಗ ಎರಡನ್ನೂ ನುಡಿಸುವುದು ಕಷ್ಟ. ಹಾಗಾಗಿ ಎರಡನ್ನೂ ಒಂದೇ ವಾದ್ಯವಾಗಿ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಮಾಡಬಹುದು. ಆದರೆ ತಂಬೂರಿಯ ಬುರುಡೆಗೆ ಚರ್ಮ ಬಿಗಿದರೆ ಕೆಲಸ ಮುಗಿಯಿತು ಅಂದುಕೊಂಡವರ ವಾದ್ಯ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ತಂತಿಗೆ ಅಲುಗದ ಮೈ ಬೇಕು, ಚರ್ಮಕ್ಕೆ ಅಲುಗುವ ಜಾಗ ಬೇಕು. ತಂತಿಯನ್ನು ಎತ್ತಿ ಹಿಡಿಯುವ ಕುದುರೆಯನ್ನು ಚರ್ಮದ ಮೇಲೇ ಕೂರಿಸಿದರೆ ಬಡಿದಾಗಲೆಲ್ಲ ಷಡ್ಜ ನಡುಗುತ್ತದೆ. ತೇವಕ್ಕೆ ಚರ್ಮ ಸಡಿಲವಾದರೆ ಕುದುರೆ ಕುಸಿದು ಶ್ರುತಿ ಇಳಿಯುತ್ತದೆ. ಎಲ್ಲಮ್ಮನ ಭಕ್ತರು ನುಡಿಸುವ ಚೌಡಿಕೆ ವಾದ್ಯದಲ್ಲಿ ತಂತಿಯನ್ನು ಬೇಕೆಂದೇ ಚರ್ಮಕ್ಕೆ ಕಟ್ಟಿರುತ್ತಾರೆ. ಅಲ್ಲಿ ಸ್ವರ ಜಾರುವುದೇ ಸೊಗಸು. ತಂಬೂರಿಯಲ್ಲಿ ಜಾರಿದರೆ ಹಾಡುವವರ ಕಂಠವೇ ದಾರಿ ತಪ್ಪುತ್ತದೆ. ಆದ್ದರಿಂದ ತಂತಿಯ ಮುಖ ಒಂದು ಕಡೆ, ಚರ್ಮದ ಮುಖ ಇನ್ನೊಂದು ಕಡೆ ಇರಲಿ.

ಮೈಗೆ ಹಲಸಿನ ಮರದ ದುಂಡು ಬಳೆ ಸಾಕು: ಅಡ್ಡಳತೆ 10 ಅಂಗುಲ, ಆಳ 90 ಮಿ.ಮೀ., ಗೋಡೆಯ ದಪ್ಪ 12 ಮಿ.ಮೀ. ಹಸಿ ಮರವಾದರೆ ಮೊದಲು 18 ಮಿ.ಮೀ. ದಪ್ಪಕ್ಕೆ ಕಡೆಸಿ, ಕೆಲವು ತಿಂಗಳು ನೆರಳಲ್ಲಿ ಒಣಗಿಸಿ, ಆಮೇಲೆ ಅಳತೆಗೆ ತನ್ನಿ. ತಂತಿಯ ಕಡೆಯ ಬಾಯಿಗೆ 4 ಮಿ.ಮೀ. ದಪ್ಪದ ಮರದ ಹಲಗೆ, ಇನ್ನೊಂದಕ್ಕೆ ಮೇಕೆ ಚರ್ಮ. ಹಿಂದೆ ಕೆಲವರು ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಈ ಅಗಲದ ಬಾಯಿಗೆ ತೆಳು ಮೇಕೆ ಚರ್ಮವೇ ಒಳ್ಳೆಯ ನಾದ ಕೊಡುತ್ತದೆ.

ಬಳೆಯನ್ನು ತೊಡೆಯ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ದಂಡಿಯನ್ನು, ಅಂದರೆ ತಂತಿ ಹಾಯುವ ಉದ್ದನೆಯ ಮರದ ಕತ್ತನ್ನು, ಬಲ ಭುಜಕ್ಕೆ ಒರಗಿಸಿಕೊಳ್ಳಬೇಕು. ಎಡ ಅಂಗೈಗೆ ಚರ್ಮ ಸಿಗುತ್ತದೆ, ಬಲಗೈ ಬೆರಳಿಗೆ ತಂತಿ. ಎಡಗೈ ಏಟಿಗೆ ಮೈ ಬಲಕ್ಕೆ ಸರಿಯುವುದರಿಂದ ಹೆಗಲಿಗೊಂದು ಬಟ್ಟೆಯ ಪಟ್ಟಿ ಬೇಕೇ ಬೇಕು.

ಹೆಚ್ಚಿನವರು ಎಡವುವುದು ದಂಡಿಯಲ್ಲಿ. ದಂಡಿಯನ್ನು ಬಳೆಯ ಹೊರಮೈಗೆ ಅಂಟಿಸಿ, ತಂತಿಯ ಬುಡವನ್ನು ಎದುರು ಅಂಚಿಗೆ ಮೊಳೆ ಹೊಡೆದು ಕಟ್ಟುತ್ತಾರೆ. ಆಗ ತಂತಿಯ ಎಳೆತವೆಲ್ಲ ಬಳೆಯ ಮೇಲೆ ಬೀಳುತ್ತದೆ. ಬಳೆ ದಿನೇ ದಿನೇ ಮೊಟ್ಟೆಯಾಕಾರಕ್ಕೆ ತಿರುಗಿ, ಚರ್ಮ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗುತ್ತದೆ. ಚರ್ಮ ಕೆಟ್ಟಿತೆಂದು ಮತ್ತೆ ಮತ್ತೆ ಬದಲಿಸುತ್ತಾ ಹೋಗುತ್ತಾರೆ, ತಪ್ಪು ಮರದಲ್ಲಿರುತ್ತದೆ. ದಂಡಿ ಬಳೆಯೊಳಗೆ ಒಂದು ಕಡೆ ತೂರಿ ಇನ್ನೊಂದು ಕಡೆ ಹೊರಬರಬೇಕು. ತಂತಿ ಬಿಗಿಯುವ ಬಿರಡೆಯೂ ತಂತಿಯ ಬುಡವೂ ಆ ಒಂದೇ ಮರದ ಎರಡು ತುದಿಯಲ್ಲಿರಬೇಕು. ಒಳಗಿನ ಭಾಗ 32 ಮಿ.ಮೀ. ಅಗಲ, 25 ಮಿ.ಮೀ. ದಪ್ಪ ಇದ್ದು, ಹಲಗೆಯಿಂದ 6 ಮಿ.ಮೀ. ಕೆಳಗೆ ಹಾದುಹೋಗಲಿ. ಆಗ ಚರ್ಮದ ಕಡೆ 55 ಮಿ.ಮೀ. ಖಾಲಿ ಉಳಿಯುತ್ತದೆ. ತಂತಿ ಬಿಗಿಯುವ ಮೊದಲು ಮತ್ತು ಬಿಗಿದ ಮೇಲೆ ಬಳೆಯ ಅಡ್ಡಳತೆಯನ್ನು ದಂಡಿಯ ಉದ್ದಕ್ಕೂ ಅದಕ್ಕೆ ಅಡ್ಡಲಾಗಿಯೂ ಅಳೆಯಿರಿ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ದಂಡಿ ಭಾರ ಹೊರುತ್ತಿಲ್ಲ ಎಂದರ್ಥ. ಅದನ್ನು ಸರಿಮಾಡದೆ ಚರ್ಮಕ್ಕೆ ಕೈಹಾಕಬೇಡಿ.

ಎಳೆತ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ. ದಂಡಿಯ ಮೇಲ್ತುದಿಯಲ್ಲಿ ತಂತಿ ಕೂರುವ ಮೇರುವಿನಿಂದ ಕುದುರೆಗೆ 26 ಅಂಗುಲ, 0.30 ಮಿ.ಮೀ. ಉಕ್ಕಿನ ತಂತಿ, ಒಂದೂವರೆ ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಒಂದು ತಂತಿಯ ಎಳೆತ ಸುಮಾರು 1.9 ಕಿಲೊ. ಅದೇ ತಂತಿಯನ್ನು ಹೆಣ್ಣುಮಕ್ಕಳ ಐದೂವರೆ ಮನೆಗೆ ಏರಿಸಿದರೆ 4.2 ಕಿಲೊ ದಾಟುತ್ತದೆ. ತಂತಿ ತುಂಡಾಗುವುದಿಲ್ಲ, ದಂಡಿ ಬಾಗುತ್ತದೆ. ಅಲ್ಲಿ 0.22 ಮಿ.ಮೀ. ತಂತಿ ಹಾಕಿದರೆ ಎಳೆತ 2.3 ಕಿಲೊಗೆ ಇಳಿಯುತ್ತದೆ. ವಾದ್ಯ ಕೊಳ್ಳುವವರ ಶ್ರುತಿ ಕೇಳದೆ ತಂತಿ ಹಾಕುವುದು ತಪ್ಪು.

ಕುದುರೆ ದಾಟಿದ ತಂತಿ ಬುಡದ ಕಡೆ ಸುಮಾರು 10 ಡಿಗ್ರಿ ಇಳಿದರೆ ಸಾಕು. ಒಂದೊಂದು ತಂತಿಯಿಂದ 330 ಗ್ರಾಂನಷ್ಟು ಒತ್ತಡ ಹಲಗೆಯ ಮೇಲೆ ಬೀಳುತ್ತದೆ. 20 ಡಿಗ್ರಿ ಮಾಡಿದರೆ ಅದು ಇಮ್ಮಡಿ. ನಾದ ಮೊದಲು ಜೋರಾಗಿ ಕೇಳುತ್ತದೆ, ಆಮೇಲೆ ಹಲಗೆ ತಗ್ಗಿ ತಂತಿ ಕರಕರ ಅನ್ನುತ್ತದೆ. ಹಲಗೆಯ ಅಡಿಗೆ, ಕುದುರೆಗೆ ನೇರವಾಗಿ, ಒಂದು ಮರದ ಪಟ್ಟಿ ಅಂಟಿಸಿರಿ. ಕುದುರೆಯ ಮೇಲೆ ತಂತಿಯ ಅಡಿಗೆ ಇಡುವ ಜೀವಾಳದ ದಾರ ಮಾಮೂಲಿ ತಂಬೂರಿಯಂತೆಯೇ.

ದಮ್ಮಡಿಯ ಝಲ್ ನಾದ ಕೊಡುವ ಹಿತ್ತಾಳೆ ಬಿಲ್ಲೆಗಳಿಗೆ ಬಳೆಯಲ್ಲಿ ಎರಡೇ ಕಿಂಡಿ ಇರಲಿ. ದಂಡಿ ತೂರುವ ಜಾಗದಿಂದ ದೂರ, ಎರಡು ಪಕ್ಕದಲ್ಲಿ. ದಂಡಿಯ ಹತ್ತಿರ ಕಿಂಡಿ ಕೊರೆದರೆ ಬಳೆ ಅಲ್ಲೇ ಸೀಳುತ್ತದೆ. ಬಿಲ್ಲೆ ಪೋಣಿಸುವ ಕಡ್ಡಿ 2 ಮಿ.ಮೀ., ಬಿಲ್ಲೆಯ ತೂತು 3.5 ಮಿ.ಮೀ. ತೂತು ಇದಕ್ಕಿಂತ ದೊಡ್ಡದಾದರೆ ಏಟು ನಿಂತ ಮೇಲೂ ಝಲ್ ಎನ್ನುತ್ತಾ ಶ್ರುತಿಯನ್ನು ಮುಚ್ಚಿಬಿಡುತ್ತದೆ.

ಚರ್ಮ ಕೊನೆಗೆ. ತಂತಿ ಬಿಗಿದು ಒಂದು ವಾರ ಬಿಡಿ, ಮರ ಎಷ್ಟು ಕದಲಬೇಕೋ ಅಷ್ಟು ಕದಲಲಿ. ಚರ್ಮವನ್ನು ತಣ್ಣೀರಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಹುಣಸೆ ಬೀಜದ ಸರಿಯನ್ನು ಅಂಚಿಗೆ ಬಳಿದು, ಸುತ್ತಲೂ ಸಮನಾಗಿ ಎಳೆದು ಹಗ್ಗದಿಂದ ಕಟ್ಟಿ, ಎರಡು ದಿನ ನೆರಳಲ್ಲಿಡಿ. ಬಿಸಿಲಿಗಿಟ್ಟರೆ ನಡುವೆ ಬೇಗ ಒಣಗಿ, ಇನ್ನೂ ಹಸಿಯಿರುವ ಅಂಚನ್ನು ಕಿತ್ತು ಎಳೆಯುತ್ತದೆ.

ಒಳಗೆ ಮುಚ್ಚಿರುವುದರಿಂದ ಮಾಮೂಲಿ ದಮ್ಮಡಿಯಂತೆ ಚರ್ಮದ ಒಳಮೈಗೆ ನೀರು ಸವರಲಾಗದು. ನಾದ ಇಳಿಸಬೇಕೆಂದರೆ ಒದ್ದೆ ಬಟ್ಟೆಯಿಂದ ಹೊರಗಡೆ, ಅಂಚಿನ ಒಳಸುತ್ತಿಗೆ ಒರೆಸಿ. ಏರಿಸಬೇಕೆಂದು ತಮಟೆಯಂತೆ ಹುಲ್ಲಿನ ಬೆಂಕಿಗೆ ಹಿಡಿಯಬೇಡಿ, ಹಲಗೆಯ ಅಂಟು ಬಿಡುತ್ತದೆ. ಚರ್ಮದ ಮುಖವನ್ನಷ್ಟೇ ಐದು ನಿಮಿಷ ಬಿಸಿಲಿಗೆ ತೋರಿಸಿ, ತಂತಿಯನ್ನು ಆಮೇಲೆ ಶ್ರುತಿ ಮಾಡಿ. ಆಷಾಢದಲ್ಲಿ, ಗುರುಪೂರ್ಣಿಮೆಗೆ ತಾತಯ್ಯನವರ ಊರಾದ ಕೈವಾರಕ್ಕೆ ಹೋಗಿ ಹಾಡುವವರಿಗೆ ಬಿಸಿಲನ್ನು ನಂಬುವಂತಿಲ್ಲ. ಅಂಥವರು ಚರ್ಮದ ಬದಲು ಪ್ಲಾಸ್ಟಿಕ್ ಮುಚ್ಚಿಗೆಯ ಇನ್ನೊಂದು ವಾದ್ಯವನ್ನೇ ಮಾಡಿಸಿಕೊಂಡರೆ ಒಳ್ಳೆಯದು. ನಾದ ಸ್ವಲ್ಪ ಒರಟು, ಆದರೆ ತೇವಕ್ಕೆ ಇಳಿಯುವುದಿಲ್ಲ.

ಬಳೆಯ ಗೋಡೆಯಲ್ಲಿ ಗಾಳಿಗೆ 12 ಮಿ.ಮೀ.ನ ನಾಲ್ಕು ತೂತು ಮರೆಯಬಾರದು. ಬಿಲ್ಲೆಯ ಕಿಂಡಿಗಳಿವೆಯಲ್ಲ ಎಂದು ಬಿಟ್ಟರೆ, ಒಳಗಿನ ಗಾಳಿಗೆ ಸಾಕಷ್ಟು ದಾರಿ ಸಿಗದೆ ಚರ್ಮ ಮೂಟೆ ಬಡಿದಂತೆ ದೊಪ್ ಅನ್ನುತ್ತದೆ, ಏಟಿನ ಒತ್ತಡ ಹಲಗೆಗೂ ತಾಗುತ್ತದೆ. ಪರೀಕ್ಷೆ ಸುಲಭ: ತಂತಿ ಮೀಟಿ, ಅದು ನುಡಿಯುತ್ತಿರುವಾಗಲೇ ಎಡ ಅಂಗೈಯನ್ನು ಚರ್ಮದ ಮೇಲೆ ಮೆಲ್ಲಗಿಡಿ. ತಂತಿಯ ನಾದ ಎದ್ದು ಕಾಣುವಷ್ಟು ಕುಗ್ಗಿದರೆ ತೂತುಗಳನ್ನು 15 ಮಿ.ಮೀ.ಗೆ ಅಗಲಿಸಿ, ಮತ್ತೆ ಮೀಟಿ ನೋಡಿ.